ಕೋಲಾರದ ಬಾವಲಿ ಯಾರಿಗೆ ಬೇಕು?

ಬಾವಲಿಯನ್ನು ಬೈಯುವವರನ್ನು ಕಂಡರೆ ಬರುವಷ್ಟೇ ಸಿಟ್ಟು ಈಚೀಚೆಗೆ ನನಗೆ ಬಾವಲಿಯನ್ನು ಹೊಗಳುವವರನ್ನು ಕಂಡರೂ ಬರುತ್ತದೆ. ಬೈಯುವವರಾದರೂ ಮನಸ್ಸಿನಲ್ಲಿದ್ದುದನ್ನು ಆಡುತ್ತಾರೆ. ಅದರ ಮುಖ ಚೆನ್ನಾಗಿಲ್ಲ, ತಲೆಕೆಳಗಾಗಿ ನೇತಾಡುತ್ತದೆ, ಮನೆಯೊಳಗೆ ಬಂದರೆ ಅಪಶಕುನ ಎನ್ನುತ್ತಾರೆ. ಹೊಗಳುವವರು ಬಾಯಿ ತೆರೆದರೆ ಲೆಕ್ಕ ಒಪ್ಪಿಸುತ್ತಾರೆ. ಒಂದು ಬಾವಲಿ ರಾತ್ರಿಯೊಂದಕ್ಕೆ ಇಷ್ಟು ಸೊಳ್ಳೆ ತಿನ್ನುತ್ತದೆ, ಅದರಿಂದ ರೈತನಿಗೆ ಇಷ್ಟು ರೂಪಾಯಿ ಉಳಿಯುತ್ತದೆ, ಹಾಗಾಗಿ ಇದನ್ನು ಕೊಲ್ಲಬೇಡಿ! ದನದ ಜಾತ್ರೆಯಲ್ಲಿ ದಲ್ಲಾಳಿ ಎತ್ತಿನ ಬಾಯಿ ಅಗಲಿಸಿ ಹಲ್ಲು ತೋರಿಸುವಂತೆ ಇವರು ಆ ಬಡಪಾಯಿ ಪ್ರಾಣಿಯ ಹೊಟ್ಟೆಯನ್ನು ತೋರಿಸುತ್ತ ನಿಂತಿರುತ್ತಾರೆ. ಬದುಕುವುದಕ್ಕೆ ಅದು ನಮಗೆ ಬಾಡಿಗೆ ಕೊಡಬೇಕು ಎನ್ನುವುದನ್ನು ಇಬ್ಬರೂ ಒಪ್ಪಿಕೊಂಡಾಗಿದೆ. ಬಾಡಿಗೆ ಸಾಕೋ ಸಾಲದೋ ಎಂಬುದಷ್ಟೇ ತಕರಾರು.

ಕೋಲಾರ ಜಿಲ್ಲೆಯ ಒಂದು ಬಾವಲಿಯ ವಿಷಯದಲ್ಲಿ ಈ ಬಾಡಿಗೆಯ ವಾದ ಸಂಪೂರ್ಣ ಕೈಕೊಡುತ್ತದೆ. ಅದಕ್ಕೇ ಅದರ ಬಗ್ಗೆ ಬರೆಯಬೇಕೆನಿಸಿತು.

ಹಿಪ್ಪೋಸಿಡರಸ್ ಹೈಪೋಫಿಲ್ಲಸ್ ಎಂಬುದು ವಿಜ್ಞಾನಿಗಳು ಇಟ್ಟ ಹೆಸರು. ಕನ್ನಡದಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಎನ್ನಬಹುದು. ಮೂಗಿನ ಸುತ್ತ ಚರ್ಮ ಎಲೆಯಂತೆ ಮಡಿಕೆ ಮಡಿಕೆಯಾಗಿ ನಿಂತಿರುತ್ತದೆ. ಆ ಎಲೆಯ ಕೆಳಗೆ ಇನ್ನೊಂದು ಪುಟ್ಟ ಮಡಿಕೆ ಇರುವುದರಿಂದ ‘ಕೆಳಗಿನ ಎಲೆ’ ಎಂಬ ಅರ್ಥದ ಹೆಸರು. ಕೋಲಾರದ ಹನುಮನಹಳ್ಳಿ ಮತ್ತು ತೇರಹಳ್ಳಿಯಲ್ಲಿ ಸಿಕ್ಕ ಮಾದರಿಗಳನ್ನು ನೋಡಿ, ಇದು ಬೇರೆಯದೇ ಜಾತಿ ಎಂದು 1994ರಲ್ಲಿ ಜಗತ್ತಿಗೆ ಹೇಳಿದವರು ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ಎಚ್. ಆರ್. ಭಟ್. ತೂಕ ಕೆಲವೇ ಗ್ರಾಂ. ರೆಕ್ಕೆ ಮಡಿಸಿದರೆ ಅಂಗೈಯಲ್ಲಿ ಅಡಗುತ್ತದೆ. ಆಹಾರ ಹುಳುಹುಪ್ಪಟೆ. ತೋಟದ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಊರ ಮುಂದಿನ ಆಲದ ಮರದಲ್ಲಿ ಕೊಡೆಗಳಂತೆ ನೇತಾಡುವ ದೊಡ್ಡ ಬಾವಲಿಗೂ ಇದಕ್ಕೂ ಇರುವ ಸಂಬಂಧ ಆನೆಗೂ ಇಲಿಗೂ ಇರುವ ಸಂಬಂಧಕ್ಕಿಂತ ಸ್ವಲ್ಪ ಹತ್ತಿರದ್ದು, ಅಷ್ಟೆ.

ಹೆಸರು ಇಟ್ಟು ಎರಡು ದಶಕವಾಗುವ ಹೊತ್ತಿಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತವರ ಜೊತೆಗಾರರು ಅದನ್ನು ಹುಡುಕಿಕೊಂಡು ಬಂದರು. ತೇರಹಳ್ಳಿಯಲ್ಲಿ ಅದು ಸಿಗಲಿಲ್ಲ. ಹನುಮನಹಳ್ಳಿಯ ಒಂದು ಗವಿಯಲ್ಲಿ ಸಿಕ್ಕಿತು. ಲೆಕ್ಕ ಹಾಕಿದರೆ ಅಂದಾಜು ಇನ್ನೂರು ದಾಟಲಿಲ್ಲ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2016ರಲ್ಲಿ ಇದನ್ನು ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಹಾಕಿತು. ಆ ಪಟ್ಟಿಯನ್ನು ದಾಟಿದರೆ ಮುಂದೆ ಉಳಿಯುವುದು ಕಾಡಿನಲ್ಲಿ ಅಳಿದವುಗಳ ಪಟ್ಟಿ, ಪೂರ್ತಿ ಅಳಿದವುಗಳ ಪಟ್ಟಿ, ಇವೆರಡೇ.

ಈ ಸಂಖ್ಯೆಯನ್ನು ಓದುಗರು ಒಂದು ಗಳಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿಗಳಿದ್ದವು. ಅವುಗಳಿಗೆ ಐದು ರಕ್ಷಿತಾರಣ್ಯ, ಜೀಪು, ಬಂದೂಕು, ಬಿಸ್ಕತ್ತಿನ ಕಂಪನಿಯಿಂದ ಹಿಡಿದು ಸಿನಿಮಾ ನಟರವರೆಗೆ ಅಭಿಮಾನಿಗಳ ಸಂಘ ಎಲ್ಲ ಇವೆ. ಬೇಡವೆನ್ನುವವನಲ್ಲ ನಾನು. ಆದರೆ ಹುಲಿ ನಮ್ಮಲ್ಲಿ ಇಲ್ಲದಿದ್ದರೆ ಮಧ್ಯಪ್ರದೇಶದಲ್ಲಿದೆ, ನೇಪಾಳದಲ್ಲಿದೆ, ರಷ್ಯಾದಲ್ಲೂ ಇದೆ. ಈ ಬಾವಲಿ ಇರುವುದು ಕೋಲಾರದ ಒಂದು ಬಂಡೆಯ ಹೊಟ್ಟೆಯಲ್ಲಿ. ಇಡೀ ಭೂಮಂಡಲದಲ್ಲಿ ಅದಕ್ಕೆ ಗೊತ್ತಿರುವ ಇನ್ನೊಂದು ವಿಳಾಸವಿಲ್ಲ.

ಈಗ ಬಾಡಿಗೆಯ ಲೆಕ್ಕಕ್ಕೆ ಬರೋಣ. ಹುಳ ತಿನ್ನುವ ಬಾವಲಿಗಳಿಂದ ಉಪಕಾರವಿಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 2006ರಿಂದ ಒಂದು ಬೂಷ್ಟು ರೋಗ ಬಾವಲಿಗಳ ಮೂತಿಗೆ ಅಂಟಿ, ಚಳಿಗಾಲದಲ್ಲಿ ಗವಿಗಳಲ್ಲಿ ಮಲಗಿದ್ದ ಲಕ್ಷಾಂತರ ಬಾವಲಿಗಳನ್ನು ಕೊಂದುಹಾಕಿತು. ಇಯಾಲ್ ಫ್ರಾಂಕ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಅದರ ಪರಿಣಾಮದ ಲೆಕ್ಕವನ್ನು ಪ್ರಕಟಿಸಿದರು. ಬಾವಲಿ ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕವನ್ನು ಸುಮಾರು ಶೇಕಡ 31ರಷ್ಟು ಹೆಚ್ಚಿಗೆ ಹೊಡೆದಿದ್ದರು. ಅದೇ ಜಿಲ್ಲೆಗಳಲ್ಲಿ ಶಿಶುಮರಣ ಸುಮಾರು ಶೇಕಡ 8ರಷ್ಟು ಏರಿತ್ತು. ಓದಿದವನಿಗೆ ಎದೆ ಝಲ್ಲೆನ್ನಬೇಕಾದ ಸಂಗತಿ. ಕೋಲಾರದ ಟೊಮೇಟೊ ತೋಟಗಳಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಹೊಡೆಯುವವರನ್ನು ನೋಡಿರುವ ಯಾರಿಗೂ ಇದು ದೂರದ ಮಾತೆನಿಸದು.

ಆದರೆ ಅಲ್ಲಿ ಸತ್ತದ್ದು ಲಕ್ಷಾಂತರ ಬಾವಲಿ. ಇಲ್ಲಿರುವುದು ಇನ್ನೂರು. ಈ ಇನ್ನೂರೂ ನಾಳೆ ಬೆಳಗಾಗುವುದರೊಳಗೆ ಸತ್ತುಹೋದರೆ ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಬಾಕ್ಸಿನ ಬೆಲೆ ಒಂದು ಪೈಸೆಯಷ್ಟೂ ಕದಲುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಬಾಡುವುದಿಲ್ಲ. ಶ್ರೀನಿವಾಸಪುರದ ಮಾವಿಗೆ ಹೊಸ ಹುಳ ಬೀಳುವುದಿಲ್ಲ. ಸೊಳ್ಳೆಗಂತೂ ಸುದ್ದಿಯೇ ಮುಟ್ಟುವುದಿಲ್ಲ. ಬಾವಲಿಯ ಗೆಳೆಯರು ಇದನ್ನು ಒಪ್ಪಿಕೊಂಡುಬಿಡುವುದು ಮರ್ಯಾದೆ. ಒಪ್ಪದೆ ಸೊಳ್ಳೆಯ ಲೆಕ್ಕವನ್ನೇ ಹಿಡಿದು ಹೋದರೆ, ಎದುರಿಗಿರುವವನು ಒಂದು ಲೋಡು ಸೈಜುಗಲ್ಲಿನ ಲೆಕ್ಕ ತೆಗೆಯುತ್ತಾನೆ. ಆ ತಕ್ಕಡಿಯಲ್ಲಿ ಕಲ್ಲೇ ತೂಗುತ್ತದೆ, ಯಾವತ್ತೂ.

ಕೋಲಾರದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಈ ವಿಷಯ ಎತ್ತಿದಾಗ ಪರಿಚಯದ ಲಾರಿ ಮಾಲೀಕರೊಬ್ಬರು ಕೇಳಿದ್ದೂ ಇದನ್ನೇ. “ಏನ್ ಮೇಷ್ಟ್ರೇ, ಒಂದು ಗಬ್ಬಿಲಾಯಿಗೋಸ್ಕರ ಗುಡ್ಡ ಬಿಡ್ಬೇಕಾ? ನಿಮ್ಮ ಬೆಂಗಳೂರಿನೋರು ಮನೆಗೆ ತಳಪಾಯ ಯಾತರಲ್ಲಿ ಹಾಕ್ಕೋತಾರೆ, ಮುದ್ದೆಯಲ್ಲಾ?” ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬೆಂಗಳೂರಿನ ತಳಪಾಯದ ಕಲ್ಲು, ತಾರಸಿಯ ಜಲ್ಲಿ, ಈಗೀಗ ಗೋಡೆಯ ಮರಳು ಕೂಡ ಸುತ್ತಲಿನ ಜಿಲ್ಲೆಗಳ ಗುಡ್ಡಗಳನ್ನು ಪುಡಿ ಮಾಡಿಯೇ ಬರಬೇಕು. ಅಂಥ ಮನೆಯಲ್ಲಿ ಕೂತು ಗುಡ್ಡ ಉಳಿಸಿ ಎಂದು ಬರೆಯುವವರಲ್ಲಿ ನಾನೂ ಒಬ್ಬ. ತಲೆತಲಾಂತರದಿಂದ ಉಳಿ, ಸುತ್ತಿಗೆ, ಚಾಣ ಹಿಡಿದು ಬಂಡೆಯ ಮೇಲೆ ಬೆಂಕಿ ಹಾಕಿ ಹದವಾಗಿ ಚಪ್ಪಡಿ ಎಬ್ಬಿಸುತ್ತಿದ್ದ ಬೋವಿ ಕುಟುಂಬಗಳ ಮೇಲೆ ಈ ಪಾಪವನ್ನು ಹೊರಿಸುವುದು ಇನ್ನೂ ದೊಡ್ಡ ಅನ್ಯಾಯ. ಅವರ ಕೆಲಸದಿಂದ ಗುಡ್ಡಗಳು ಕರಗಲಿಲ್ಲ. ಕಂಪ್ರೆಸರು, ಸಿಡಿಮದ್ದು, ಹಿಟಾಚಿ ಬಂದ ಮೇಲೆ ಕರಗಿದವು. ಗುತ್ತಿಗೆ ಯಾರ ಹೆಸರಿನಲ್ಲಿದೆ, ಹಣ ಯಾವ ಊರಿಗೆ ಹೋಗುತ್ತದೆ ಎಂದು ಹುಡುಕಿದರೆ ಬೋವಿ ಕಾಲೋನಿಯಲ್ಲಂತೂ ಸಿಗದು.

ಆದರೂ ಲಾರಿ ಮಾಲೀಕರ ಪ್ರಶ್ನೆಗೆ ಉತ್ತರ ಕೊಡಲೇಬೇಕಲ್ಲ. ಬೆಂಗಳೂರಿಗೆ ಕಲ್ಲು ಬೇಕು, ನಿಜ. ಆ ಕಲ್ಲು ಹನುಮನಹಳ್ಳಿಯ ಆ ಗುಡ್ಡದಿಂದಲೇ ಬರಬೇಕೆಂದು ಯಾವ ಮೇಸ್ತ್ರಿಯೂ ಹಟ ಹಿಡಿದಿಲ್ಲ. ಜಲ್ಲಿಗೆ ಸಾವಿರ ಗುಡ್ಡಗಳುಂಟು, ಬಾವಲಿಗೆ ಇರುವುದು ಒಂದೇ ಗವಿ. ಇಷ್ಟು ಸರಳವಾದ ಮಾತನ್ನು ನಾವು ಮೂವತ್ತು ವರ್ಷ ಹೇಳದೆ, ಸೊಳ್ಳೆಯ ಲೆಕ್ಕ ಬರೆಯುತ್ತ ಕೂತೆವು.

ಗವಿ ಎಂದರೆ ಬರೀ ಒಂದು ತೂತು ಎಂದು ತಿಳಿಯಬಾರದು. ಸುಣ್ಣಕಲ್ಲಿನ ಸೀಮೆಯಲ್ಲಿ ನೀರು ಕಲ್ಲನ್ನು ಕರಗಿಸಿ ಮೈಲಿಗಟ್ಟಲೆ ಗವಿ ಕೊರೆಯುತ್ತದೆ. ನಮ್ಮ ಕಡೆಯ ಬೆಣಚುಗಲ್ಲು ಹಾಗೆ ಕರಗುವುದಲ್ಲ. ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸಿನ ಹಳೆಯ ಬಂಡೆ ಬಿಸಿಲಿಗೆ ಬಿರಿದು, ಮಳೆಗೆ ಪದರು ಬಿಟ್ಟು, ಗುಂಡಿನ ಮೇಲೆ ಗುಂಡು ಕೂತು ಎಲ್ಲೋ ಒಂದೆಡೆ ಒಳಗೆ ಜಾಗ ಬಿಡುತ್ತದೆ. ಅಂಥ ಕಡೆಯಲ್ಲೂ ಹಗಲು ರಾತ್ರಿ ಒಂದೇ ಹದದ ತಂಪು, ಒಂದೇ ಹದದ ತೇವ, ಬೆಳಕು ಬಾರದ ಆಳ ಮೂರೂ ಕೂಡಿ ಬರುವುದು ಅಪರೂಪ. ಆ ಮೂರು ಕೂಡಿದಲ್ಲಿ ಮಾತ್ರ ಈ ಜಾತಿಯ ತೆಳು ಚರ್ಮದ ಪ್ರಾಣಿ ಒಣಗದೆ ಹಗಲು ಕಳೆಯಬಲ್ಲದು. ತಾಯಿ ಸಾಮಾನ್ಯವಾಗಿ ವರ್ಷಕ್ಕೆ ಹೆರುವುದು ಒಂದೇ ಮರಿ. ಇಲಿಯಂತೆ ಇದೂ ಒಂದಕ್ಕೆ ಹತ್ತಾಗುತ್ತದೆ ಎಂದುಕೊಂಡವರು ಬಹಳ ಮಂದಿ. ಬಾವಲಿಯ ಸಂಸಾರ ಇಲಿಯದಕ್ಕಿಂತ ನಮ್ಮದನ್ನು ಹೆಚ್ಚು ಹೋಲುತ್ತದೆ. ಪಕ್ಕದ ಬಂಡೆಯಲ್ಲಿ ಒಂದು ಸಿಡಿಮದ್ದು ಸಿಡಿದರೆ ಗವಿಯ ಚಾವಣಿ ಕಳಚಬೇಕೆಂದೇನಿಲ್ಲ. ಎಲ್ಲೋ ಒಂದು ಬಿರುಕು ಬಿಟ್ಟು ಗಾಳಿ ಆಡಿದರೂ ಸಾಕು, ಒಳಗಿನ ಹದ ಕೆಟ್ಟಿತು.

ಗವಿಯ ಹೊರಗಿನ ಕುರುಚಲೂ ಅಷ್ಟೇ ಮುಖ್ಯ. ಎಲೆಮೂಗಿನ ಬಾವಲಿ ಕೂಗುವುದು ಬಾಯಿಂದಲ್ಲ, ಮೂಗಿಂದ. ಆ ಎಲೆಯಂಥ ಮಡಿಕೆಗಳು ಕೂಗನ್ನು ಬ್ಯಾಟರಿಯ ಬೆಳಕಿನಂತೆ ಒಂದು ಕಡೆಗೆ ಕೂಡಿಸಿ ಬಿಡುತ್ತವೆ. ಹುಳಕ್ಕೆ ತಾಗಿ ಮರಳಿ ಬಂದ ದನಿಯನ್ನು ಕೇಳಿ ಅದು ಕತ್ತಲೆಯಲ್ಲಿ ದಾರಿಯನ್ನೂ ಊಟವನ್ನೂ ಹುಡುಕಿಕೊಳ್ಳುತ್ತದೆ. ನಮ್ಮ ಕಿವಿ 20,000 ಹರ್ಟ್ಸ್‌ಗೆ ಸೋತು ಕೂರುತ್ತದೆ. ಈ ಕುಲದ ಸಣ್ಣ ಬಾವಲಿಗಳ ಕೂಗು ಅದರ ಐದು ಪಟ್ಟನ್ನೂ ಮೀರುತ್ತದೆ. ಅಷ್ಟು ಕೀಚಲು ದನಿ ಗಾಳಿಯಲ್ಲಿ ದೂರ ಹೋಗಲಾರದು. ಹಾಗಾಗಿ ಅದು ಬೇಟೆಯನ್ನು ಹತ್ತಿರದಿಂದಲೇ ಹಿಡಿಯಬೇಕು. ತಂಗಡಿ, ಲಂಟಾನ, ಜಾಲಿ ಎಲ್ಲ ಕಡಿದು ಬರೀ ಗವಿಯ ಬಾಯಿಗೆ ಬೇಲಿ ಹಾಕಿದರೆ, ಅಡುಗೆಮನೆ ಕೆಡವಿ ಮಲಗುವ ಕೋಣೆಗೆ ಬೀಗ ಹಾಕಿದಂತೆ. ಕುರುಚಲು ಕಂಡರೆ ‘ಪಾಳು’ ಎಂದು ನೀಲಗಿರಿ ನೆಟ್ಟುಬಿಡುವ ನಮ್ಮ ಹಳೆಯ ಚಟ ಕೋಲಾರದ ನೆಲಕ್ಕೆ ಏನು ಮಾಡಿತೆಂದು ಅಲ್ಲಿನ ಬತ್ತಿದ ಬಾವಿಗಳನ್ನು ಕೇಳಿ.

ಪಾಳು ಎಂದೆನಲ್ಲ, ರೋಗದ ಬೇರು ಆ ಮಾತಿನಲ್ಲೇ ಇದೆ. ನಮ್ಮ ಪಹಣಿಯಲ್ಲಿ ಬಂಡೆಗೆ ಇರುವ ಹೆಸರು ‘ಖರಾಬು’. ಉಳಲು ಬಾರದ್ದು, ಕಂದಾಯ ಕಟ್ಟದ್ದು, ಆದ್ದರಿಂದ ಕೆಟ್ಟದ್ದು. ಗಣಿ ಇಲಾಖೆಯ ಕಾಗದಕ್ಕೆ ಬಂದರೆ ಅದೇ ಬಂಡೆ ‘ಉಪಖನಿಜ’. ಕರ್ನಾಟಕದ ಉಪಖನಿಜ ನಿಯಮಾವಳಿ ಬಂದದ್ದೂ 1994ರಲ್ಲಿ, ಬಾವಲಿಗೆ ಹೆಸರು ಬಂದ ವರ್ಷದಲ್ಲೇ. ಒಂದೇ ಬಂಡೆಗೆ ಒಂದೇ ವರ್ಷ ಎರಡು ಬಗೆಯ ಓಲೆ ಹುಟ್ಟಿತು ಎನ್ನಬೇಕು. ಒಂದು ಬಂದದ್ದು ಜರ್ಮನಿಯ ಪತ್ರಿಕೆಯೊಂದರಲ್ಲಿ, ಇನ್ನೊಂದು ನಮ್ಮ ಗೆಜೆಟ್ಟಿನಲ್ಲಿ. ಮೊದಲನೆಯದನ್ನು ಯಾವ ತಹಸೀಲ್ದಾರನೂ ಓದಲಿಲ್ಲ. ಎರಡನೆಯದನ್ನು ಓದದ ಗುತ್ತಿಗೆದಾರನಿಲ್ಲ.

ಕಾನೂನು ಇತ್ತಲ್ಲ ಎನ್ನುತ್ತೀರಾ? ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿ, ಹೆಗ್ಗಣಗಳ ಸಾಲಿನಲ್ಲಿ ಉಪದ್ರವಕಾರಿ ಪ್ರಾಣಿಗಳೆಂದು ಕೂರಿಸಿದ್ದರು. ಹುಳ ತಿನ್ನುವವುಗಳ ಮಾತನ್ನು ಕಾಯಿದೆ ಬಹುಮಟ್ಟಿಗೆ ಎತ್ತಿಯೇ ಇರಲಿಲ್ಲ. ಇಡೀ ದೇಶದ ನೂರಕ್ಕೂ ಮಿಕ್ಕಿದ ಬಾವಲಿ ಜಾತಿಗಳಲ್ಲಿ ಮೊದಲ ಪರಿಚ್ಛೇದದ ರಕ್ಷಣೆ ಸಿಕ್ಕಿದ್ದು ಸಲೀಂ ಅಲಿ ಹೆಸರಿನ ಹಣ್ಣು ಬಾವಲಿಗೆ ಮತ್ತು ರಾಟನ್ ಎಂಬಾತನ ಹೆಸರಿನ ಹುಳ ತಿನ್ನುವ ಬಾವಲಿಗೆ, ಎರಡಕ್ಕೆ ಮಾತ್ರ. ಉಪದ್ರವಕಾರಿ ಎಂಬ ಆ ಪಟ್ಟಿ ತೊಲಗಿದ್ದು 2022ರ ತಿದ್ದುಪಡಿಯಲ್ಲಿ. ಅಂದರೆ ಕೋಲಾರದ ಬಾವಲಿಯ ಸುತ್ತ ಕಲ್ಲು ಒಡೆಯುತ್ತಿದ್ದ ವರ್ಷಗಳಲ್ಲಿ ಅದು ಕಾನೂನಿನ ಕಣ್ಣಿಗೆ ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಇರಲೇ ಇಲ್ಲ.

ರಾಟನ್ನನ ಬಾವಲಿಯ ಕತೆಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ನಮ್ಮ ಎದುರಾಳಿಗಳ ಅತ್ಯುತ್ತಮ ವಾದ ಅದರಲ್ಲಿದೆ. ಅದೂ ಕರ್ನಾಟಕದ್ದೇ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ, ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗವಿ ಇದೆ. ಅಲ್ಲಿ ಸಿಕ್ಕ ಬಾವಲಿಗೆ 1913ರಲ್ಲಿ ಹೆಸರಿಟ್ಟರು. ಸುಮಾರು ತೊಂಬತ್ತು ವರ್ಷ ಜಗತ್ತಿನಲ್ಲೆಲ್ಲ ಇದೊಂದೇ ಗವಿಯ ಪ್ರಾಣಿ ಎಂದೇ ತಿಳಿದಿದ್ದರು. ಆಮೇಲೆ ನೋಡಿದರೆ ಕಾಂಬೋಡಿಯಾದಲ್ಲಿ ಒಂದು ಸಿಕ್ಕಿತು, ಮೇಘಾಲಯದ ಗವಿಗಳಲ್ಲಿ ಸಿಕ್ಕಿತು. “ನೋಡಿ ಸ್ವಾಮಿ, ಹುಡುಕಿದರೆ ನಿಮ್ಮ ಕೋಲಾರದ್ದೂ ಇನ್ನೆಲ್ಲೋ ಸಿಗುತ್ತದೆ, ಸುಮ್ಮನೆ ಗಾಬರಿ ಬೇಡ” ಎಂದು ಓದಿಕೊಂಡವರೇ ಹೇಳುತ್ತಾರೆ.

ಸಿಗಲಿ, ನನಗೂ ಸಂತೋಷ. ಆದರೆ ಈ ವಾದದ ಚಂದ ನೋಡಿ. ಬಾರಾಪೇಡೆಯ ಬಾವಲಿ ಬೇರೆಡೆ ಸಿಗುವವರೆಗೆ ತೊಂಬತ್ತು ವರ್ಷ ಬಾರಾಪೇಡೆಯ ಗವಿ ಇದ್ದಲ್ಲೇ ಇತ್ತು. ಯಾರೂ ಅದನ್ನು ಜಲ್ಲಿ ಮಾಡಿ ಮಾರಲಿಲ್ಲ. ಆ ಕಾಡು 2011ರಲ್ಲಿ ಭೀಮಗಡ ಅಭಯಾರಣ್ಯವೂ ಆಯಿತು. ಹುಡುಕುವುದಕ್ಕೆ ಕಾಲಾವಕಾಶ ಸಿಕ್ಕಿದ್ದು ಅದರಿಂದ. ಕೋಲಾರದಲ್ಲಿ ಆದದ್ದು ಇದರ ಹಿಂದುಮುಂದು. ಗೊತ್ತಿದ್ದ ಎರಡು ಜಾಗಗಳಲ್ಲಿ ಒಂದರಿಂದ ಬಾವಲಿ ಕಾಣೆಯಾಯಿತು, ಆಮೇಲೆ ನಾವು ಮೂರನೆಯದಿರಬಹುದು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇವೆ. ಮನೆಗೆ ಬೆಂಕಿ ಬಿದ್ದವನಿಗೆ ಯಾರೋ ನಿನ್ನ ತಾತನ ಹೆಸರಿನಲ್ಲಿ ಇನ್ನೊಂದು ಮನೆ ಇದ್ದರೂ ಇರಬಹುದು ಎಂದ ಹಾಗೆ.

ಬಾವಲಿಯೆಂದರೆ ರೋಗ ಎಂಬ ಇನ್ನೊಂದು ಕೂಗಿಗೆ ಹೆಚ್ಚು ಮಾತು ಬೇಡ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ, 2020ರಲ್ಲಿ ಕೊರೋನಾ ಬಂದಾಗ ಜನ ಹೆದರಿದ್ದು ಸಹಜ. ಅದಕ್ಕೆ ಉತ್ತರವನ್ನೂ 2020ರ ಏಪ್ರಿಲ್‌ನಲ್ಲಿಯೇ ದಕ್ಷಿಣ ಏಷ್ಯಾದ ಅರವತ್ತಕ್ಕೂ ಹೆಚ್ಚು ಬಾವಲಿ ತಜ್ಞರು ಒಟ್ಟಾಗಿ ಕೊಟ್ಟರು: ಬಾವಲಿಯನ್ನು ಓಡಿಸಿದರೆ, ಕೊಂದರೆ ಅಪಾಯ ಇಳಿಯುವುದಿಲ್ಲ. ಅದರ ಪಾಡಿಗೆ ಅದನ್ನು ಬಿಟ್ಟರೆ ಅದರ ವೈರಾಣು ಅದರ ಬಳಿಯೇ ಇರುತ್ತದೆ. ಗವಿಯಿಂದ ಹೊಗೆ ಹಾಕಿ ಎಬ್ಬಿಸಿದರೆ ಅದು ಹೋಗುವುದೆಲ್ಲಿಗೆ? ನಿಮ್ಮ ನನ್ನ ಅಟ್ಟಕ್ಕೆ.

ಗಬ್ಬಿಲಾಯಿ ಎಂದ ಲಾರಿ ಮಾಲೀಕರ ಮಾತು ಕೇಳಿದಾಗ ನನಗೆ ಗುರ್ರಂ ಜಾಷುವಾ ನೆನಪಾಗಿದ್ದರು. ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಕೋಲಾರದ ಸೀಮೆಯಲ್ಲಿ ಅವರ ಹೆಸರು ತೆಗೆದರೆ ಪರಕೀಯವೆನಿಸದು. 1941ರಲ್ಲಿ ಅವರು ‘ಗಬ್ಬಿಲಂ’ ಎಂಬ ಕಾವ್ಯ ಬರೆದರು. ಅದರಲ್ಲಿ ಅಸ್ಪೃಶ್ಯನೊಬ್ಬ ತನ್ನ ದೂರನ್ನು ಶಿವನಿಗೆ ಮುಟ್ಟಿಸಲು ಬಾವಲಿಯನ್ನು ಕಳಿಸುತ್ತಾನೆ. ಅವನಿಗಿಲ್ಲದ ಗರ್ಭಗುಡಿ ಬಾವಲಿಗೆ ಉಂಟಲ್ಲ! ಕಾಳಿದಾಸನಿಗೆ ಮೋಡ ಸಿಕ್ಕಿತು, ಈ ಕವಿಗೆ ಸಿಕ್ಕಿದ್ದು ಬಾವಲಿ. ಯಾರಿಗೂ ಬೇಡದ್ದನ್ನು ಅವರು ಆರಿಸಿಕೊಂಡರು. ಬಾವಲಿ ಎಷ್ಟು ಸೊಳ್ಳೆ ತಿನ್ನುತ್ತದೆಂದು ಅವರು ಕೇಳಿದಂತಿಲ್ಲ.

ಇಷ್ಟೆಲ್ಲ ಬೈದ ಮೇಲೆ ಆದ ಒಳ್ಳೆಯದನ್ನೂ ಹೇಳಬೇಕು. ವಿಜ್ಞಾನಿಗಳು ಕೂಗಿದ ಮೇಲೆ ಅಲ್ಲಿ ಕಲ್ಲು ಗಣಿಗಾರಿಕೆಗೆ ತಡೆ ಬಿತ್ತು. ಗವಿಯ ಸುತ್ತ ಸುಮಾರು 30 ಎಕರೆಯನ್ನು ರಕ್ಷಿತ ಪ್ರದೇಶವೆಂದು ಸರ್ಕಾರ ಗುರುತಿಸಿತು. ಅರಣ್ಯ ಇಲಾಖೆ ಮತ್ತು ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಎಂಬ ಬೆಂಗಳೂರಿನ ಸಂಸ್ಥೆ ಜೊತೆಗೂಡಿ ಅದರ ಉಳಿವಿಗೆ ಕೆಲಸಕ್ಕಿಳಿದವು. ಹುಲಿಗೆ ಸಾವಿರಾರು ಚದರ ಮೈಲಿ ಕೊಟ್ಟ ರಾಜ್ಯ ಇದಕ್ಕೆ 30 ಎಕರೆ ಕೊಡಲು ಇಷ್ಟು ಕಾಲ ತೆಗೆದುಕೊಂಡಿತು ಎಂದು ಹಂಗಿಸುವ ಮನಸ್ಸಾಗುತ್ತದೆ. ಹಂಗಿಸುವುದಿಲ್ಲ. 30 ಎಕರೆ ಎಂದರೆ ನಮ್ಮ ಕಡೆ ಇಬ್ಬರು ಮೂವರು ಅನುಕೂಲಸ್ಥ ರೈತರ ಹಿಡುವಳಿ. ಅಷ್ಟನ್ನು ಒಂದು ಜೀವಜಾತಿಯ ಹೆಸರಿಗೆ ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ.

ನನಗೆ ಈಗ ಹೆಚ್ಚು ಭಯವಿರುವುದು ಒಳ್ಳೆಯ ಜನರದ್ದು. ಕೋಲಾರದ ಬೆಟ್ಟದ ಗವಿಗಳಲ್ಲಿ ರಾತ್ರಿ ಚಾರಣ ಮಾಡಿಸಿ ದುಡ್ಡು ತೆಗೆದುಕೊಳ್ಳುವುದು ಈಗ ಒಂದು ಉದ್ಯೋಗವೇ ಆಗಿದೆ. ಶನಿವಾರ ಸಂಜೆ ಬೆಂಗಳೂರಿನಿಂದ ವ್ಯಾನು ತುಂಬ ಬರುತ್ತಾರೆ, ತಲೆಗೆ ದೀಪ ಕಟ್ಟಿಕೊಂಡು ಅಂತರಗಂಗೆಯ ಬಂಡೆಗಳ ಸಂದಿಯಲ್ಲಿ ನುಸುಳುತ್ತಾರೆ. ‘ಜಗತ್ತಿನ ಅಪರೂಪದ ಬಾವಲಿ’ ಎಂಬ ಬೋರ್ಡೊಂದು ಬಿದ್ದರೆ ಆ ವ್ಯಾನು ಹನುಮನಹಳ್ಳಿಗೂ ತಿರುಗಲು ತಡವಾಗದು. ಮರಿ ಎದೆಗವಚಿಕೊಂಡು ನೇತಾಡುವ ತಾಯಿಯ ಮುಖಕ್ಕೆ ಫ್ಲ್ಯಾಶು ಹೊಡೆದು, ನಿಸರ್ಗಪ್ರೇಮ ಎಂದು ಫೋನಿನಲ್ಲಿ ಹಾಕಿಕೊಳ್ಳುವವರಿಗೆ ಬರವಿಲ್ಲ. ನಾನು ಆ ಗವಿಯನ್ನು ನೋಡಿಲ್ಲ, ನೋಡುವುದೂ ಇಲ್ಲ. ಕರೆದುಕೊಂಡು ಹೋಗುತ್ತೇನೆಂದವರೊಬ್ಬರಿಗೆ ಹಾಗೆಂದೇ ಹೇಳಿದೆ. ಅವರಿಗೆ ನಾನು ಬಾವಲಿಯ ಅಭಿಮಾನಿಯೆಂಬುದರ ಮೇಲೆ ಅನುಮಾನ ಬಂದಂತಿತ್ತು.

ಉಳಿದದ್ದು ಗುತ್ತಿಗೆಯ ಮಾತು. ಹನುಮನಹಳ್ಳಿಯ ಬಾವಲಿ ಉಳಿದಿದ್ದರೆ ಅಲ್ಲಿ ಯಾರೋ ಹುಡುಕಿದ್ದರಿಂದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರದ ಎಷ್ಟು ಬಂಡೆಗುಡ್ಡಗಳೊಳಗೆ ಏನಿದೆಯೆಂದು ಯಾರು ನೋಡಿದ್ದಾರೆ? ಕಲ್ಲಿನ ಗುತ್ತಿಗೆ ಕೊಡುವ ಮುಂಚೆ ಸರ್ವೆ ಮಾಡಿ ಚಕ್ಕುಬಂದಿ ಬರೆಯುತ್ತಾರೆ, ದೇವಸ್ಥಾನ ಎಷ್ಟು ದೂರ, ರಸ್ತೆ ಎಷ್ಟು ದೂರ, ಕರೆಂಟು ಕಂಬ ಎಷ್ಟು ದೂರ ಎಂದು ನೋಡುತ್ತಾರೆ. ಆ ನಮೂನೆಯಲ್ಲಿಯೇ ಗುಡ್ಡದಲ್ಲಿ ಗವಿ ಉಂಟೋ ಇಲ್ಲವೋ, ಉಂಟಾದರೆ ಒಳಗೆ ಯಾರಿದ್ದಾರೆ ಎಂಬ ಒಂದು ಕಾಲಂ ಸೇರಿಸಬೇಕು. ತುಂಬುವವರು ಕಚೇರಿಯಲ್ಲಿ ಕೂತು ತುಂಬಬಾರದು. ಬೇಸಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ, ಬಾವಲಿಯ ಕೂಗು ಹಿಡಿಯುವ ಯಂತ್ರ ಇಟ್ಟುಕೊಂಡು ಗೊತ್ತಿರುವ ಒಬ್ಬರು ಮುಸ್ಸಂಜೆಯಿಂದ ಕತ್ತಲಾಗುವವರೆಗೆ ಗವಿಯ ಬಾಯಲ್ಲಿ ಕೂರಬೇಕು. ಅವರ ಭತ್ಯೆಯನ್ನು ಗುತ್ತಿಗೆ ಕೇಳಿದವರೇ ಕಟ್ಟಲಿ. ಒಂದು ಲೋಡು ಕಲ್ಲಿನ ದುಡ್ಡೂ ಆಗಲಿಕ್ಕಿಲ್ಲ.